ಬಡತನ ಕಾಣಬೇಕಿತ್ತಂತೆ...

ಓದಿ ಮನಸ್ಸು ಕೆಟ್ಟರೆ ಕ್ಷಮಿಸಿ... ಕೇಳಿದಾಗ ನನಗೂ ಹಾಗೆಯೇ ಆಗಿತ್ತು.

ಧಾರವಾಡದಲ್ಲಿ ಒಂದು ಟ್ರಸ್ಟ್. ಬಡ ಮನೆಯ ಯುವ ಕಲಾವಿದರಿಗೆ ನೆರವಾಗುವುದು ಅದರ ಕೆಲಸ. ನಡೆಸುವ ಐವರೂ ಸ್ವಯಂಸೇವಕರು.

ಅಧ್ಯಕ್ಷರು ಯಲಿಗಾರ ಡಾಕ್ಟರು, ಹೆಸರಾದ ಹಲ್ಲಿನ ವೈದ್ಯರು. ಕಾರ್ಯದರ್ಶಿ ಪ್ರಮೀಳಾ ಹಂಚಿನಮನಿ, ನಿವೃತ್ತ ಶಿಕ್ಷಕಿ.

ಆ ವರ್ಷ ಅವರು ಆರಿಸಿದ್ದು ಭಾರತಿಯನ್ನು. ಹತ್ತೊಂಬತ್ತರ ಹುಡುಗಿ. ಅವಳ ತಾಯಿ ಫಕ್ಕೀರವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು.

ಭಾರತಿ ಬಿಡಿಸಿದ ಹದಿನಾಲ್ಕು ಚಿತ್ರಗಳ ಮೊದಲ ಪ್ರದರ್ಶನ ಅಂದು...

ಫಕ್ಕೀರವ್ವ ಬೆಳಗಿನ ರೊಟ್ಟಿ ಮುಗಿಸಿ, ಖಾನಾವಳಿಯಲ್ಲೇ ಸೀರೆ ಬದಲಿಸಿ ಬಂದಿದ್ದಳು. ಹಸಿರು ಇಳಕಲ್ ಸೀರೆ, ತಲೆ ತುಂಬ ಮಲ್ಲಿಗೆ.

"ಮಗಳ ಮದಿವ್ಯಾಗ ಉಡಬೇಕಂತ ಇಟ್ಟಿದ್ದೆರಿ ಅಕ್ಕಾರ" ಎಂದಳು ಪ್ರಮೀಳಾಗೆ. "ಇದೇನ ಮದಿವಿಕಿಂತ ಕಮ್ಮಿ ಐತೇನು ಅಂತ ಇವತ್ತ ಉಟ್ಕೊಂಡೆ."

ದೂರದಿಂದ ಅವಳನ್ನು ನೋಡಿದ ಡಾಕ್ಟರು ಪ್ರಮೀಳಾರನ್ನು ಪಕ್ಕಕ್ಕೆ ಕರೆದರು.

"ಏನ್ರೀ ಮೇಡಮ್, ಈಕಿನ್ನ ನೋಡಿದ್ರ ಬಡವಿ ಅಂತ ಯಾರರ ಅಂತಾರೇನು? ದಾನಿಗಳು ಬೆಂಗಳೂರಿಂದ ಬಂದು ಕುಂತಾರ. ಬಡತನ ಕಾಣಬೇಕ್ರಿ. ಮೊದಲ ಆ ಸೀರಿ ಬದಲಿ ಮಾಡಿಸ್ರಿ."

ಪ್ರಮೀಳಾರಿಗೆ ಒಳಗೆ ಏನೋ ಚುಚ್ಚಿತು. ಆದರೆ ಒಂಬತ್ತು ವರ್ಷದಿಂದ 'ಆಯ್ತು ಸರ್' ಎಂದೇ ಅಭ್ಯಾಸ...

"ಫಕ್ಕೀರವ್ವಾ, ಕೆಲಸದ ಸೀರಿ ಚೀಲದಾಗ ಐತೆಲ್ಲ... ಅದನ್ನ ಉಟ್ಕೊಂಡು ಬರ್ರಿ. ಫೋಟೋಕ್ಕ ಅದ ಛಲೋ ಕಾಣ್ತೈತಿ."

ಫಕ್ಕೀರವ್ವ ಯಾಕೆ ಎಂದು ಕೇಳಲಿಲ್ಲ. ಕೈ ಮುಡಿಯ ಮಲ್ಲಿಗೆಯತ್ತ ಹೋಯಿತು.

"ಹೂವನೂ ತಗೀಬೇಕೇನ್ರಿ?" ಎಂದಳು.

ಪ್ರಮೀಳಾ ಹೌದೆಂದು ತಲೆಯಾಡಿಸಿದರು.

ಹಿಟ್ಟು ಮೆತ್ತಿದ ಸೀರೆಯಲ್ಲಿ ಅವಳನ್ನು ಸ್ಟೇಜಿನ ಮೇಲೆ ನಿಲ್ಲಿಸಿದರು.

ಫೋಟೋಗ್ರಾಫರ್ ಅವಳ ಅಂಗೈ ಹಿಡಿದು ತಿರುಗಿಸಿದ. ಸುಟ್ಟ ಬೆರಳುಗಳು ಚೆನ್ನಾಗಿ ಕಾಣಲಿ ಎಂದು ಹತ್ತಿರದಿಂದ ನಾಲ್ಕು ಫೋಟೋ ತೆಗೆದ.

ಡಾಕ್ಟರು ಅವಳ ಬಾಯಿಗೆ ಮೈಕ್ ಹಿಡಿದರು. "ಉಪವಾಸ ಮಲಗಿದ ದಿನಗಳ ಬಗ್ಗೆ ಹೇಳವಾ. ಎಲ್ಲಾರೂ ಕೇಳ್ಲಿ."

ಮುಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕರವಸ್ತ್ರ ತೆಗೆದಿದ್ದರು. ದಾನಿಗಳೆಲ್ಲ ಚಿತ್ರಗಳಿಗೆ ಬೆನ್ನು ಹಾಕಿ ಕುಳಿತಿದ್ದರು...

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿದ್ದ ಭಾರತಿ ಹೊರಗೆ ಬಂದಳು. ತಾಯಿಯನ್ನು ನೋಡಿದಳು. ಸೀದಾ ಸ್ಟೇಜ್ ಹತ್ತಿ ಮೈಕ್ ಇಸಿದುಕೊಂಡಳು.

"ನಮ್ಮವ್ವ ಹಸಿರು ಸೀರಿ ಉಟ್ಕೊಂಡು ಬಂದಿದ್ಲು. ಅದನ್ನ ಬಿಚ್ಚಿಸಿದವ್ರು ಯಾರು?"



ಡಾಕ್ಟರು ನಕ್ಕರು. "ನಿನ್ನ ಒಳ್ಳೇದಕ್ಕ ಮಾಡೀವಿ ತಂಗಿ. ಆಮ್ಯಾಲೆ ಮಾತಾಡೋಣ ಬಿಡು."

"ಸರ್, ನಾ ಏನ್ ಚಿತ್ರಾ ಬರದೀನಿ ಹೇಳ್ರಿ ನೋಡೋಣು."

ಡಾಕ್ಟರು ದಾನಿಗಳ ಹಿಂದಿನ ಗೋಡೆಯ ಕಡೆ ನೋಡಿದರು. ಅಲ್ಲಿಯವರೆಗೆ ಅವರು ಒಂದನ್ನೂ ನೋಡಿರಲಿಲ್ಲ.

"ಹದಿನಾಲ್ಕು ಚಿತ್ರ ಅದಾವ್ರಿ. ಖಾನಾವಳಿ ಹೆಣ್ಮಕ್ಳು ಕೆಲಸ ಮುಗಿಸಿ ಕುಂತು ಹರಟಿ ಹೊಡಿಯೋದು, ನಗೋದು... ಒಂದರಾಗೂ ಯಾರೂ ಅಳಾಕತ್ತಿಲ್ಲ. ನೀವು ನಮ್ಮ ಮನಿಗೆ ಮೂರು ಸಲ ಬಂದ್ರಿ. ಡಬ್ಬಿ ತಗದು ಜ್ವಾಳ ಎಷ್ಟೈತಿ ನೋಡಿದ್ರಿ. ಚಿತ್ರಾ ತೋರ್ಸು ಅಂತ ಒಬ್ರೂ ಕೇಳಲಿಲ್ಲ."

ಮೈಕ್ ಕೆಳಗಿಟ್ಟು ತಾಯಿಯ ಕೈ ಹಿಡಿದಳು. "ನಡಿ ಬೇ, ನಿನ್ನ ಸೀರಿ ಉಟ್ಕೋ."

ಆಗ ಪ್ರಮೀಳಾ ಮೈಕ್ ಎತ್ತಿಕೊಂಡರು.

"ಬಿಚ್ಚಿಸಿದಾಕಿ ನಾನು. ಹೇಳಿದವ್ರು ಇವ್ರು, ಮಾಡಿದಾಕಿ ನಾನು. ಒಂಬತ್ತು ವರ್ಷ ಈ ಮಕ್ಕಳ ಹಸಿವು ತೋರಿಸಿ ನಮ್ಮ ಹೆಸರು ಬೆಳೆಸಿಕೊಂಡೀವಿ. ನನಗ ನನ್ನ ಮ್ಯಾಲೇ ಹೇಸಿಕಿ ಬರಾಕತ್ತೈತಿ..."

ಫಕ್ಕೀರವ್ವ ಸೀರೆ ಬದಲಿಸಿದ ಮೇಲೆ ತಾಯಿ, ಮಗಳು ಕೋಣೆಯಿಂದ ಹೊರಬಂದು ಚಿತ್ರಗಳನ್ನು ಒಂದೊಂದಾಗಿ ಇಳಿಸತೊಡಗಿದರು.

ಪ್ರಮೀಳಾ ನೆರವಿಗೆ ಓಡಿ ಒಂದು ಚಿತ್ರಕ್ಕೆ ಕೈ ಹಾಕಿದರು.

"ಬ್ಯಾಡ್ರಿ ಮೇಡಮ್. ನೀವು ಮುಟ್ಟಬ್ಯಾಡ್ರಿ" ಎಂದಳು ಭಾರತಿ.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು...

ಹದಿನಾಲ್ಕೂ ಚಿತ್ರ ಆಟೋ ಸೇರುವವರೆಗೆ ಪ್ರಮೀಳಾ ಬಾಗಿಲು ಹಿಡಿದು ನಿಂತಿದ್ದರು. ಮರುದಿನವೇ ಟ್ರಸ್ಟ್ ಬಿಟ್ಟರು.

ಡಾಕ್ಟರು ಈಗಲೂ ಅಧ್ಯಕ್ಷರೇ. ಈ ವರ್ಷ ಸಮಾಜಸೇವೆಗೆ ಅವರಿಗೊಂದು ಪ್ರಶಸ್ತಿಯೂ ಬಂತು. ಪೇಪರಿನಲ್ಲಿ ಫೋಟೋ ಇತ್ತು.

ನಾಲ್ಕು ತಿಂಗಳ ಮೇಲೆ ಒಂದು ಶಾಲೆಯ ವರಾಂಡದಲ್ಲಿ ಭಾರತಿ ತಾನೇ ಪ್ರದರ್ಶನ ಇಟ್ಟಳು. ಕರೆಯದಿದ್ದರೂ ಪ್ರಮೀಳಾ ಹೋದರು.

ಭಾರತಿ ನೋಡಿದಳು, ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು. ಪ್ರಮೀಳಾ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತೇ ಇದ್ದರು.

ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು. ಫಕ್ಕೀರವ್ವ.

"ಕುಂತು ನೋಡ್ರಿ ಅಕ್ಕಾರ. ಎಷ್ಟೊತ್ತಂತ ನಿಂದರ್ತೀರಿ, ಕಾಲು ನೋಯ್ತಾವ."

ಪ್ರಮೀಳಾ ಕುಳಿತರು. ಕಣ್ಣು ತುಂಬಿ, ಎದುರಿಗಿದ್ದ ಚಿತ್ರವೇ ಕಾಣದಂತಾಯಿತು...

*

ಒಬ್ಬರ ಮಾನ ಕಳೆದು ಮಾಡುವ ಸೇವೆಗೆ ಇರುವುದು ಒಂದೇ ಹೆಸರು... ಹೇಸಿಗೆ.

ಹೋದ ಸಲ ಯಾರಿಗೋ ಸಹಾಯ ಮಾಡಿ ಸ್ಟೇಟಸ್‌ಗೆ ಫೋಟೋ ಹಾಕಿದಿರಲ್ಲ... ಆ ಫೋಟೋದಲ್ಲಿದ್ದವರನ್ನು ಒಂದು ಮಾತು ಕೇಳಿದ್ದಿರಾ?