ಕಮ್ಮಾರ ಜೋಹಾನನ ಎಡತೋಳು

ಪ್ರವಾಸಿಗರ ಗುಂಪಿನಲ್ಲಿ ಹೆಂಡತಿ ಕಂಡದ್ದೇ ತಡ, ಕಮ್ಮಾರ ಜೋಹಾನ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಕುಲುಮೆಯ ಮಸಿಯನ್ನು ಕೆನ್ನೆಗೆ ಇನ್ನೊಮ್ಮೆ ಬಳಿದುಕೊಂಡ.

ಜೋಹಾನ್ ಎಂದರೆ ದಾವಣಗೆರೆಯ ಉಪೇಂದ್ರ. ಕಾರು ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದವನು ಚಳಿಗಾಲದಲ್ಲಿ ಕೆಲಸ ಕಳೆದುಕೊಂಡಿದ್ದ. ಹೆಂಡತಿ ಸರಳಾಗೆ ಹೇಳಲು ಬಾಯಿ ಬರಲಿಲ್ಲ; ಅಮೆರಿಕದ ಈ ಕ್ಯಾಂಟನ್ ಊರಿನ ಕನ್ನಡ ಸಂಘದಲ್ಲಿ ಆಕೆ ಗಂಡನ ಹುದ್ದೆಯನ್ನು ಒಡವೆಯ ಹಾಗೆ ಹಾಕಿಕೊಂಡು ಓಡಾಡುವವಳು. ಹಾಗಾಗಿ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಮನೆ ಬಿಡುತ್ತಿದ್ದ. ಮೂವತ್ತು ಮೈಲಿ ಆಚೆ, ಮೊದಲ ವಲಸಿಗರ ಕಾಲದ ಹಳ್ಳಿಯೊಂದನ್ನು ನೋಡಬಂದವರಿಗಾಗಿ ಹಾಗೆಯೇ ಉಳಿಸಿದ್ದರು. ಅಲ್ಲಿ ಜರ್ಮನಿಯಿಂದ ಬಂದ ಕಮ್ಮಾರನ ಪಾತ್ರ ಖಾಲಿ ಇತ್ತು. ಮಸಿ ಮೆತ್ತಿದ ಮೇಲೆ ಎಲ್ಲರದೂ ಒಂದೇ ಬಣ್ಣ ಎಂದು ಮೇಲ್ವಿಚಾರಕಿ ಇವನನ್ನೇ ಸೇರಿಸಿಕೊಂಡಳು.

ಕೆಲಸ ಹಿಡಿಸಿತು. ಅಂಟಿಸಿದ ಗಡ್ಡ ತುರಿಸುತ್ತಿತ್ತು, ಕೋಟು ಮಾತ್ರ ಅದ್ಭುತ. ಚಿಕ್ಕಂದಿನಲ್ಲಿ ಸೈಕಲ್‌ನಿಂದ ಬಿದ್ದು ಮುರಿದ ಎಡಗೈ ತುಸು ಗಿಡ್ಡ. ಅಂಗಡಿಯ ಅಂಗಿಗಳ ತೋಳು ಅಂಗೈ ಮುಚ್ಚುತ್ತಿತ್ತು. ಈ ಕೋಟು ಮೊದಲ ದಿನವೇ ಮಣಿಕಟ್ಟಿಗೆ ಸರಿಯಾಗಿ ಕೂತಿತು. ಜರ್ಮನ್ ಉಡುಪು ತನಗೆ ಹೇಳಿ ಮಾಡಿಸಿದಂತಿದೆ ಎಂದು ಬೀಗಿದ್ದ.

ಮನೆಯಲ್ಲೂ ಎಲ್ಲ ಸುಸೂತ್ರ. ಸರಳಾ ಈಚೆಗೆ ಆಫೀಸಿನ ವಿಷಯ ಕೇಳುವುದನ್ನೇ ಬಿಟ್ಟಿದ್ದಳು. ಸದಾ ಹೊಲಿಗೆ ಯಂತ್ರದ ಮುಂದೆ; ಕೇಳಿದರೆ ಸಂಘದವರ ರವಿಕೆ ಎನ್ನುತ್ತಿದ್ದಳು. ಪ್ಲಾಸ್ಟಿಕ್ ಡಬ್ಬಿ ಬಿಟ್ಟು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಡುತ್ತಿದ್ದಳು. ಹಳ್ಳಿಯಲ್ಲಿ ಪ್ಲಾಸ್ಟಿಕ್ ನಿಷಿದ್ಧ. ಹೆಂಡತಿಯ ಪರಿಸರಪ್ರೇಮ ಒಳ್ಳೆಯ ಗಳಿಗೆಯಲ್ಲಿ ಹುಟ್ಟಿತೆಂದು ಉಪೇಂದ್ರ ದೇವರಿಗೆ ಕೈ ಮುಗಿದಿದ್ದ.

ಈಗ ಅವಳು ಸಂಘದ ಗೆಳತಿಯರೊಂದಿಗೆ ಎದುರಿಗೇ ನಿಂತಿದ್ದಾಳೆ. ಮಾನ ಹೋಗಲು ಒಂದು ಕೆಮ್ಮು ಸಾಕು. ಉಪೇಂದ್ರ ಗಂಟಲು ದಪ್ಪ ಮಾಡಿ, ಜರ್ಮನ್ ರಾಗದ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸಿದ. ಹಡಗು ಹತ್ತಿ ಬಂದದ್ದು, ಕಾಡು ಕಡಿದದ್ದು, ಮೊದಲ ಕುಲುಮೆ ಸುಟ್ಟು ಬೂದಿಯಾದದ್ದು.

ಸರಳಾ ಇಂಗ್ಲಿಷಿನಲ್ಲೇ ಕೇಳಿದಳು: "ಕುಲುಮೆ ಹೋದಾಗ ಊರಲ್ಲಿದ್ದ ಹೆಂಡತಿಗೆ ಏನು ಹೇಳಿ ಕಳಿಸಿದ್ರಿ?"

"ಎಲ್ಲ ಚೆನ್ನಾಗಿದೆ ಅಂತ."

"ನಂಬಿದಳಾ?"

"ಪಾಪ, ನಂಬಿದಳು, ಮೇಡಂ."

ಗೆಳತಿಯರು ನಕ್ಕರು. ಸರಳಾ ತಲೆಯಾಡಿಸಿದಳು. ಗುಂಪು ಪಕ್ಕದ ರೊಟ್ಟಿ ಒಲೆಯತ್ತ ಸರಿಯಿತು.

ಉಪೇಂದ್ರ ಉಸಿರು ಬಿಟ್ಟ. ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ಗುರುತು ಸಿಗದಷ್ಟು ಚೆನ್ನಾಗಿ ನಟಿಸಿದೆನಲ್ಲ ಎಂದು ಹೆಮ್ಮೆ. ಗುರುತೇ ಸಿಗಲಿಲ್ಲವಲ್ಲ ಎಂದು ಒಳಗೊಳಗೇ ಬೇಜಾರು.

ಅಷ್ಟರಲ್ಲಿ ಸರಳಾ ಒಬ್ಬಳೇ ಹಿಂದಿರುಗಿ ಬಂದಳು. ಅವನ ಎಡಗೈ ಹಿಡಿದು, ಕೋಟಿನ ತೋಳಂಚಿನಲ್ಲಿ ಜೋತಿದ್ದ ನೂಲನ್ನು ಹಲ್ಲಿನಿಂದ ಕಡಿದಳು.

"ಇಲ್ಲಿಯವರು ಹೊಸ ಕಮ್ಮಾರನ ಹೆಸರು ಉಪೇಂದ್ರ ಅಂತ ಹೇಳಿ ಕೋಟು ಹೊಲಿಯೋಕೆ ಕೊಟ್ಟಾಗ, ನಾನು ಅಳತೆ ಕೇಳ್ಲೇ ಇಲ್ಲ ರೀ," ಎಂದಳು. "ಎಡತೋಳು ಸರಿಯಾಗಿದೆ ತಾನೇ?"