ಟಿಚ್ ಬಟನ್ನಿನ ತೋಳು

ಹೊಸ ಹಸಿರು ನಿಲುವಂಗಿಯ ಹೊಲಿಗೆ ಬಿಚ್ಚಿ ಹೆಂಡತಿ ಅದರ ತೋಳನ್ನು ಕಿತ್ತು ತೆಗೆಯುತ್ತಿರುವುದನ್ನು ಅವನು ಬಾಗಿಲ ಸಂದಿಯಿಂದ ನೋಡಿದ. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಕಿತ್ತ ತೋಳನ್ನು ಅವಳು ಮತ್ತೆ ಅಲ್ಲಿಗೇ ಜೋಡಿಸಿದಳು, ಆದರೆ ದಾರದಿಂದಲ್ಲ, ಪುಟ್ಟ ಪುಟ್ಟ ಟಿಚ್ ಬಟನ್‌ಗಳಿಂದ. ಆಮೇಲೆ ಅಂಗಿಯನ್ನು ಕುರ್ಚಿಗೆ ತೊಡಿಸಿ ತೋಳು ಹಿಡಿದು ಜಗ್ಗಿದಳು. ತೋಳು ಕೈಗೆ ಬಂತು. ಅವಳು ತನ್ನಷ್ಟಕ್ಕೆ ತಲೆಯಾಡಿಸಿ ಇನ್ನೊಂದು ತೋಳಿಗೆ ಕೈ ಹಾಕಿದಳು.

ಅವನು ಟೈರ್ ಅಂಗಡಿಯವನು. ಸಲಾಕೆಗೂ ಬಗ್ಗದ ಟೈರನ್ನು ಬರಿಗೈಯಲ್ಲಿ ಎಳೆದು ತೆಗೆಯುತ್ತಾನೆಂದು ಗಿರಾಕಿಗಳು ಹೊಗಳುತ್ತಿದ್ದರು. ಅವನೇನೂ ಬೇಡವೆನ್ನುತ್ತಿರಲಿಲ್ಲ. ಅಂಥ ಗಟ್ಟಿಗನಿಗೆ ಸ್ವಂತ ಮನೆಯಲ್ಲೇ ಕಳ್ಳಬೆಕ್ಕಿನ ಹಾಗೆ ಇಣುಕಿ ನೋಡುವ ಗತಿ ಬಂದಿತ್ತು.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟ. ಅವಳು ತಲೆ ಎತ್ತಲಿಲ್ಲ.

“ಬಿಸ್ಕತ್ತು ಕಾರ್ಖಾನೆ ಕೆಲಸ ಅಲ್ವೇನ್ರೀ. ಹಿಟ್ಟು ಕಲಸೋ ಯಂತ್ರಕ್ಕೆ ಬಟ್ಟೆ ಸಿಕ್ಕಿಕೊಂಡ್ರೆ ಬಟ್ಟೆ ಮಾತ್ರ ಹೋಗ್ಬೇಕು. ನಾನು ಉಳೀಬೇಕು.”

ಮಾತಿನಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಆದರೂ ಅವನಿಗೆ ನಂಬಿಕೆ ಹುಟ್ಟಲಿಲ್ಲ.

ಆ ವಾರವಿಡೀ ಕತ್ತರಿಗೆ ಬಿಡುವಿಲ್ಲ. ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದ ಶಾಲು ಈಗ ಹೆಗಲಿನ ಮೇಲೆ ಎರಡು ಬಟನ್‌ಗಳಲ್ಲಿ ನಿಂತಿತು. ಕಾಲಿಗೆ ತೊಡರುತ್ತಿದ್ದ ನಿಲುವಂಗಿಯ ಅಂಚು ಮೊಣಕಾಲಿಗೆ ಏರಿತು, ಪಕ್ಕದ ಸೀಳು ಉದ್ದವಾಯಿತು. ಸುಡುಬೇಸಿಗೆಯಲ್ಲೂ ಮುಂಗೈವರೆಗೆ ತೋಳು ಮುಚ್ಚಿಕೊಳ್ಳುತ್ತಿದ್ದವಳು, ಓಣಿಯವರೆಲ್ಲ ಮರ್ಯಾದಸ್ಥೆ ಎನ್ನುತ್ತಿದ್ದವಳು, ಈಗ ಅಂಗಳದಲ್ಲಿ ಕಾಲು ಬೀಸಿ ಬೀಸಿ ನಡೆದು ನೋಡುತ್ತಿದ್ದಳು. ಒಂದು ಸಂಜೆ ಮನೆಗೆ ಬಂದರೆ ಸೊಂಟದವರೆಗಿದ್ದ ಜಡೆಯೂ ಇಲ್ಲ. ಅದೂ ಯಂತ್ರಕ್ಕೆ ಸಿಕ್ಕೀತೆಂದು ಕತ್ತರಿಸಿದಳಂತೆ. ಆ ಜಡೆಯೆಂದರೆ ಅವನಿಗೆ ಪ್ರಾಣ. ಅವತ್ತು ಅವನು ಊಟ ಮಾಡಲಿಲ್ಲ.

ಮರುದಿನ ಕಾರ್ಖಾನೆಯ ಗೇಟಿನ ಹತ್ತಿರ ಹೋಗಿ, ಈ ದಾರಿಯಲ್ಲಿ ಹೀಗೇ ಬಂದೆ ಎಂಬ ಮುಖ ಮಾಡಿಕೊಂಡು ಅವಳ ಮೇಲ್ವಿಚಾರಕಿಯನ್ನು ಮಾತಿಗೆಳೆದ. ಆ ಯಂತ್ರ ಅಷ್ಟೊಂದು ಅಪಾಯವೇ ಎಂದು ಕೇಳಿದ.

“ಯಂತ್ರಾನಾ? ಕೈಗೆ ಪೆಟ್ಟಾಗಿ ರಜೆ ಮುಗಿಸಿ ಬಂದ ದಿನದಿಂದ ಅವಳು ಪೊಟ್ಟಣಗಳಿಗೆ ಚೀಟಿ ಅಂಟಿಸೋ ಮೇಜಿನಲ್ಲಿ ಕೂತಿದಾಳೆ. ನಿಮಗೆ ಹೇಳಿಲ್ವಾ?”

ಹೇಳುತ್ತ ಆಕೆ ಅವನ ಮುಖವನ್ನಲ್ಲ, ಕೈಗಳನ್ನೇ ನೋಡುತ್ತಿದ್ದಳು. ಟೈರಿನ ಮಸಿ ಹತ್ತಿರಬೇಕೆಂದು ಅವನು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಅಂದರೆ ಸುಳ್ಳು. ತಣ್ಣಗೆ ಕೂತು ಹೇಳಿದ ಸುಳ್ಳು. ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದ. ಹೆಂಗಸರ ಹೊಲಿಗೆಗೆಲ್ಲ ಮೂಗು ತೂರಿಸಬೇಡವೆಂದು ಅಕ್ಕ ಮೊದಲು ನಕ್ಕಳು. ಆಮೇಲೆ ದನಿ ತಗ್ಗಿಸಿದಳು.

“ನೀನು ಈಗ ಸರಿಯಾಗಿದ್ದೀಯ ತಾನೇ?”

“ಅದೆಲ್ಲ ಮುಗಿದ ಕಥೆ, ಅಕ್ಕ. ಈಗ ನನ್ನ ತಲೆ ಮೇಲೇ ಕತ್ತಿ ತೂಗ್ತಿದೆ.”

ಬರೀ ಮಾತಿಗೆ ಹೇಳಿದ್ದಲ್ಲ. ಹೊಲಿಗೆ ಡಬ್ಬಿಯಲ್ಲಿದ್ದ ಚೂಪು ಕತ್ತರಿ ಕಾಣುತ್ತಿರಲಿಲ್ಲ. ಒಗೆದು ಹಾಕಿದ್ದ ನಿಲುವಂಗಿಯನ್ನು ತಿರುವಿ ನೋಡಿದರೆ ಸೊಂಟದ ಒಳಗಡೆ ಒಂದು ಕಳ್ಳಜೇಬು, ಗೇಣಿಗಿಂತ ಚಿಕ್ಕದು, ಒಂದೇ ಬೆರಳಿನಿಂದ ತೆರೆಯುವಂಥದ್ದು. ಕತ್ತರಿ ಅದರಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುವಂತಿತ್ತು. ಅಂದಿನಿಂದ ಅವಳು ಮೊದಲ ತುತ್ತು ನುಂಗುವವರೆಗೆ ಅವನು ತಟ್ಟೆ ಮುಟ್ಟಲಿಲ್ಲ. ಗೋಡೆಗೆ ಬೆನ್ನು ಕೊಟ್ಟೇ ಮಲಗಿದ. ಭಯದ ಕೆಳಗೆ ಇನ್ನೂ ದೊಡ್ಡ ಭಯವೊಂದಿತ್ತು: ಅವಳು ತನ್ನನ್ನು ಬಿಟ್ಟು ಹೋದರೆ? ಅದನ್ನು ಮಾತ್ರ ಅವನು ಸಹಿಸಲಾರ.

ಅವಳಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅಂಗಡಿ ಅರ್ಧಕ್ಕೆ ಮುಚ್ಚಿ ಬಂದ. ಅವಳು ಅಡುಗೆಮನೆಯಲ್ಲಿ ಹಿಂಬಾಗಿಲಿಗೆ ಆತು ನಿಂತಿದ್ದಳು. ಮೈಮೇಲೆ ಅದೇ ಹಸಿರು ನಿಲುವಂಗಿ, ಕಾಲಿಗೆ ಲೇಸು ಬಿಗಿದ ಬೂಟು.

“ಎಲ್ಲಿಗೆ ಹೊರಟಿದ್ದೀಯ?”

“ಎಲ್ಲಿಗೂ ಇಲ್ಲ. ನೀವು ಅಲ್ಲೇ ಇರಿ.”

ದನಿ ನಡುಗುತ್ತಿತ್ತು. ಅವಳ ಬಲಗೈ ಮೆಲ್ಲಗೆ ಸೊಂಟದ ಒಳಜೇಬಿಗೆ ಇಳಿಯಿತು. ಕತ್ತರಿ, ಎಂದುಕೊಂಡ ಅವನು. ಹೆಂಡತಿಯ ಕೈಯಿಂದಲೇ ಸಾಯುವುದೇ? ಒಂದೇ ನೆಗೆತಕ್ಕೆ ಮುನ್ನುಗ್ಗಿ ಅವಳ ಎಡತೋಳನ್ನು ಹಿಡಿದ. ಹಿಡಿದರೆ ಟೈರನ್ನೂ ಬಿಡದ ಹಿಡಿತ ಅದು.

ಜೇಬಿನಿಂದ ಹೊರಬಂದದ್ದು ಕತ್ತರಿಯಲ್ಲ, ಕೀಲಿಕೈ. ಸದಾ ಅವನ ಸೊಂಟದಲ್ಲೇ ಇರುತ್ತಿದ್ದ ಹಿಂಬಾಗಿಲ ಕೀಲಿಕೈಯ ನಕಲು. ಅವಳು ಅದನ್ನು ಬೀಗದಲ್ಲಿ ತಿರುವಿದಳು. ಅವನು ಜಗ್ಗಿದ. ಪಟಪಟನೆ ಬಟನ್‌ಗಳು ಬಿಟ್ಟವು. ಇನ್ನೊಂದು ಕೈಯಲ್ಲಿ ಶಾಲು ಹಿಡಿದ, ಅದೂ ಬಂತು. ಕೊನೆಗೆ ಅಭ್ಯಾಸಬಲದಿಂದ ಜಡೆಗೆ ಕೈ ಚಾಚಿದ. ಬೆರಳುಗಳಿಗೆ ಬರೀ ಗಾಳಿ ಸಿಕ್ಕಿತು. ಅಷ್ಟರಲ್ಲಿ ಅವಳು ಅಂಗಳ ದಾಟಿ, ಹಿಂದಿನ ಓಣಿಯಲ್ಲಿ ಎಲ್ಲೂ ಎಡವದೆ ಓಡುತ್ತಿದ್ದಳು.

ಅವನು ಹಸಿರು ತೋಳನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಹೋದ ಸಲ ಇದೇ ಕೈ ಅವಳ ಮೊಣಕೈ ಮುರಿದಾಗ, ಆಗಿನ ಅಂಗಿಯ ತೋಳಿನ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.