ಮುಚ್ಚಿದ ಬಾಗಿಲಿನ ಚಿತ್ರ

ಹಳೆಯ ಕಾಮಿಕ್ಸ್‌ನ ಮುಗ್ಗಲು ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಕಣ್ಣು ಬಾಗಿಲ ಚಿಲಕದ ಕಡೆಗೇ ಹೋಗುತ್ತದೆ.

ಆಗ ನಾವು ಪರದೇಶದ ಲೊಂಬಾರ್ಡ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಪ್ಪನ ಕೆಲಸ ಹೋಗಿತ್ತು. ಇನ್ನೊಂದು ಸಿಗದಿದ್ದರೆ ವೀಸಾ ನಿಯಮದಂತೆ ಈ ದೇಶದಲ್ಲಿರಲು ಹನ್ನೊಂದೇ ದಿನ ಉಳಿದಿತ್ತು. ಇಮಿಗ್ರೇಷನ್‌ನವರು ಮನೆಮನೆಯ ಬಾಗಿಲು ಬಡಿಯುತ್ತಿದ್ದಾರೆಂಬ ಸುದ್ದಿಯೂ ಹಬ್ಬಿತ್ತು. ಆ ಮಧ್ಯಾಹ್ನ ಟಿವಿಯಲ್ಲಿ ಹೊಸ ದೆವ್ವದ ಸಿನಿಮಾ ನೋಡುತ್ತಾ ನಾನು ದಿಂಬು ತಬ್ಬಿಕೊಂಡು ಕೂತಿದ್ದೆ. ಅಪ್ಪ ಮೈಸೂರಿನಿಂದ ತಂದಿದ್ದ ತಮ್ಮ ಬಾಲ್ಯದ ಕಾಮಿಕ್ಸ್ ತೆರೆದು ನಕ್ಕರು.

"ಇದೇನು ಮಹಾ ಭಯ ಪುಟ್ಟಿ? ಮೊದಲ್ನೇ ಸೀನಲ್ಲೇ ದೆವ್ವನ ತೋರಿಸ್ಬಿಟ್ರು. ಇದನ್ನ ನೋಡು, ಬರೀ ಮುಚ್ಚಿದ ಬಾಗಿಲು. ಆಚೆ ಯಾರಿದಾರೋ ಗೊತ್ತಾಗಲ್ಲ."

"ನೋ ಅಪ್ಪ, ಡೋರ್ ಈಸ್ ಬೋರಿಂಗ್," ಎಂದೆ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಅಮ್ಮ ತಟ್ಟನೆ ಟಿವಿ ಆರಿಸಿದಳು.

"ಉಸಿರೆತ್ಬೇಡ," ಅಪ್ಪ ಪಿಸುಗುಟ್ಟಿದರು. ಬಾಗಿಲ ಮೇಲೆ ಮತ್ತೆ ಬಡಿತ. ಅಪ್ಪ ಕಾಮಿಕ್ಸನ್ನು ಸದ್ದಾಗದಂತೆ ಮುಚ್ಚಿಟ್ಟರು.

ಹೆಜ್ಜೆ ಸದ್ದು ಅಡಗಿ ಎಷ್ಟೋ ಹೊತ್ತಿನ ಮೇಲೆ ಅಮ್ಮ ಬಾಗಿಲು ತೆರೆದಳು. ಮೇಲಿನ ಮನೆಯ ಆಂಟಿಗೆ ಬಿಸಿಬೇಳೆಬಾತ್ ಕೊಟ್ಟಿದ್ದ ನಮ್ಮ ಸ್ಟೀಲ್ ಡಬ್ಬಿ ಹೊಸ್ತಿಲಲ್ಲಿತ್ತು. ಖಾಲಿ ಕೊಡಬಾರದೆಂದು ಅವರು ಸಕ್ಕರೆ ತುಂಬಿಸಿದ್ದರು.

ಅಪ್ಪ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ಚಿಲಕ ಹಾಕಿ, ಸರಿಯಾಗಿ ಬಿತ್ತೇ ಎಂದು ಎರಡು ಸಲ ಎಳೆದು ನೋಡಿದರು.